ಉತ್ತರ ಹೇಳುವ ಅಕ್ಕ, ಕಥೆಯಿಲ್ಲದ ತಂಗಿ

ಹತ್ತು ದಾಟಿ ಹದಿಮೂರರ ಆಸುಪಾಸಿನಲ್ಲಿರುವ ಮಕ್ಕಳಿಗಾಗಿ, ಅವರು ದೊಡ್ಡವರಾಗುವ ಕಾಲವನ್ನೇ ವಸ್ತುವಾಗಿ ಇಟ್ಟುಕೊಂಡು ಬರುವ ಚಿತ್ರಕಾದಂಬರಿಗಳಿವೆ. ಅವುಗಳ ಬಗ್ಗೆ ತೀರ್ಪು ಕೊಡುವವರು ಮಾತ್ರ ಆ ವಯಸ್ಸನ್ನು ಎಂದೋ ದಾಟಿದವರು. ತಾಯಿತಂದೆ, ಶಿಕ್ಷಕರು, ಗ್ರಂಥಪಾಲಕರು, ಆರೋಗ್ಯ ಇಲಾಖೆಯವರು ಇಂಥ ಪುಸ್ತಕವನ್ನು ಕೈಗೆತ್ತಿಕೊಂಡಾಗ ಕೇಳುವುದು ಬಹುಮಟ್ಟಿಗೆ ಒಂದೇ: ಇದರಲ್ಲಿರುವ ಮಾಹಿತಿ ಸರಿಯಿದೆಯೇ, ಮಕ್ಕಳ ಮುಂದೆ ಇಡಲು ಮುಜುಗರವಾಗುವಂಥದ್ದೇನಾದರೂ ಇದೆಯೇ, ಓದಿದ ಮೇಲೆ ಏನು ಪ್ರಯೋಜನ. ಮಗು ಕೇಳುವುದು ಬೇರೆ. ನನ್ನಂಥವಳು ಇದರೊಳಗೆ ಇದ್ದಾಳೆಯೇ, ಅವಳಿಗೆ ಏನಾಯಿತು, ಆಮೇಲೆ ಅವಳು ಏನು ಮಾಡಿದಳು? ದೊಡ್ಡವರ ಪ್ರಶ್ನೆಗಳಿಗೆ ನಮ್ಮಲ್ಲಿ ಒಳ್ಳೆಯ ಉತ್ತರಗಳು ಬಂದಿವೆ. ಮಗುವಿನ ಪ್ರಶ್ನೆಗೆ ಇನ್ನೂ ಬಂದಿಲ್ಲ. ಈ ವಿಷಯದಲ್ಲಿ ಭಾರತದಲ್ಲಿ ತುಂಬ ಹೆಸರಾದ ಕಾಮಿಕ್ ಪುಸ್ತಕವನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಬದುಕಿನ ಪಕ್ಕದಲ್ಲಿಟ್ಟು ಓದಿದರೆ ಈ ಕೊರತೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಮೈ ಬೆಳೆಯುವುದನ್ನು ವಿವರಿಸಲು ನಾವು ಕಲಿತಿದ್ದೇವೆ, ಬೆಳೆಯುವ ಹುಡುಗಿಯ ಕಥೆ ಹೇಳಲು ಇನ್ನೂ ಕಲಿತಿಲ್ಲ ಎಂಬುದು ನನ್ನ ವಾದ.

‘ಮೆನ್ಸ್‌ಟ್ರುಪೀಡಿಯಾ ಕಾಮಿಕ್’ ಬಂದದ್ದು 2014ರಲ್ಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದಿದ ಅದಿತಿ ಗುಪ್ತಾ ಮತ್ತು ತುಹಿನ್ ಪಾಲ್ ಜನರಿಂದಲೇ ಹಣ ಕೂಡಿಸಿ ಅದನ್ನು ಹೊರತಂದರು. ಮುಂದೆ ಅದು ಹಲವು ಭಾರತೀಯ ಭಾಷೆಗಳಿಗೆ ಹೋಯಿತು, ಕನ್ನಡಕ್ಕೂ ಬಂತು. ಪಿಂಕಿ, ಜಿಯಾ, ಮೀರಾ ಎಂಬ ಬೇರೆ ಬೇರೆ ವಯಸ್ಸಿನ ಮೂವರು ಹುಡುಗಿಯರು, ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳುವ ಪ್ರಿಯಾ ದೀದಿ ಎಂಬ ಡಾಕ್ಟರು, ಇಷ್ಟೇ ಪಾತ್ರವರ್ಗ. ಜಿಯಾಗೆ ಮೊದಲ ಸಲ ಮುಟ್ಟಾಗುತ್ತದೆ, ಅವಳು ಹೆದರುತ್ತಾಳೆ, ದೀದಿ ಸಮಾಧಾನ ಹೇಳುತ್ತಾಳೆ. ಅಲ್ಲಿಂದ ಮೈ ಹೇಗೆ ಬದಲಾಗುತ್ತದೆ, ಮುಟ್ಟು ಯಾಕೆ ಬರುತ್ತದೆ, ಪ್ಯಾಡ್ ಹೇಗೆ ಇಟ್ಟುಕೊಳ್ಳಬೇಕು, ಹೊಟ್ಟೆನೋವಿಗೆ ಏನು ಮಾಡಬೇಕು ಎಂಬ ಪಾಠ ಸರಾಗವಾಗಿ ಸಾಗುತ್ತದೆ. ಈ ಪುಸ್ತಕದ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಅದಕ್ಕೆ ಮುಂಚೆ ನಮ್ಮ ಮಕ್ಕಳು ಈ ವಿಷಯವನ್ನು ಕಂಡದ್ದು ವಿಜ್ಞಾನ ಪುಸ್ತಕದ ಸೀಳುಚಿತ್ರದಲ್ಲಿ. ಆ ಚಿತ್ರದಲ್ಲಿ ಗರ್ಭಕೋಶವಿದೆ, ಅಂಡಾಶಯವಿದೆ, ಮುಖವಿಲ್ಲ. ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಆ ಪಾಠವನ್ನು ದಾಟಿಸಿಬಿಡುವ ತರಗತಿಗಳೂ ಕಡಿಮೆಯಿಲ್ಲ. ಅಂಥಲ್ಲಿ ಕೆನ್ನೆ ಉಬ್ಬಿಸಿ ನಗುವ, ಗಾಬರಿಯಾಗುವ, ಗೆಳತಿಯ ಕಿವಿಯಲ್ಲಿ ಪಿಸುಗುಡುವ ಹುಡುಗಿಯರನ್ನು ಬಿಡಿಸಿ, ಈ ಮೈ ಇವರದು ಎಂದು ತೋರಿಸಿದ್ದು ನಿಜವಾದ ಹೆಜ್ಜೆ. ಮುಟ್ಟಾದವಳು ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆ ಎಂಬಂಥ ನಂಬಿಕೆಗಳನ್ನು ಅದು ಗದರದೆ, ಹಂಗಿಸದೆ ಪಕ್ಕಕ್ಕಿಡುತ್ತದೆ. ಆ ಸಂಯಮ ಮೆಚ್ಚುವಂಥದ್ದು.

ಆದರೆ ಪುಸ್ತಕದ ಒಳಗಿನ ಸಂಕಟ ಒಂದೇ, ಮೌನ. ಯಾರೂ ಹೇಳಿಕೊಟ್ಟಿಲ್ಲ, ಆದ್ದರಿಂದ ಭಯ. ಹೇಳಿಕೊಟ್ಟ ಕೂಡಲೇ ಭಯ ಹೋಗುತ್ತದೆ. ಇಡೀ ಕಥೆ ನಿಂತಿರುವುದು ಈ ಊಹೆಯ ಮೇಲೆ. ಸಿಂಧನೂರಿನ ಆಚೀಚೆಯ ಹಳ್ಳಿಗಳಲ್ಲಿ, ಲಿಂಗಸುಗೂರು ಮಸ್ಕಿಯ ಓಣಿಗಳಲ್ಲಿ ಮೊದಲ ಮುಟ್ಟು ಗುಟ್ಟಿನ ಸಂಗತಿಯೇ ಅಲ್ಲ. ಹುಡುಗಿ ದೊಡ್ಡಾಕಿ ಆದಳೆಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅವಳನ್ನು ಬೇರೆ ಕೂರಿಸುತ್ತಾರೆ, ಸೋದರಮಾವನ ಮನೆಗೆ ಸುದ್ದಿ ಮುಟ್ಟಿಸುತ್ತಾರೆ, ಸಂಜೆಯಾದರೆ ಮುತ್ತೈದೆಯರು ಬಂದು ಆರತಿ ಮಾಡುತ್ತಾರೆ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಸೀರೆ ಉಡಿಸಿ ಉಡಿ ತುಂಬುತ್ತಾರೆ, ಹಾಡು ಹೇಳುತ್ತಾರೆ. ಆ ಸಂಭ್ರಮದಲ್ಲಿ ಪ್ರೀತಿಯೂ ಇದೆ, ಹುಡುಗಿಗೆ ಒಂದಿಷ್ಟು ಹೆಮ್ಮೆಯೂ ಆಗುತ್ತದೆ. ಇಷ್ಟೆಲ್ಲದರ ನಡುವೆ ಆಕೆಗೆ ತನ್ನ ಮೈಗೆ ಏನಾಗಿದೆ ಎಂದು ಹೇಳುವವರು ಮಾತ್ರ ಇರುವುದಿಲ್ಲ. ಮುಂದಿನ ತಿಂಗಳಿಂದ ಅದೇ ಮುಟ್ಟು ಮುಚ್ಚಿಡಬೇಕಾದ, ದೇವರ ಜಗಲಿಯಿಂದ ದೂರವಿರಬೇಕಾದ ವಿಷಯವಾಗುತ್ತದೆ. ಒಮ್ಮೆ ಊರ ಮುಂದೆ ಸಾರಿ, ಆಮೇಲೆ ಬದುಕಿಡೀ ಅಡಗಿಸು ಎನ್ನುವ ಈ ಎರಡು ಆಜ್ಞೆಗಳ ನಡುವೆ ಸಿಕ್ಕ ಹನ್ನೆರಡು ವರ್ಷದವಳ ಗೊಂದಲವನ್ನು ಪಿಂಕಿ ಜಿಯಾರ ಮನೆ ಕಂಡಿಲ್ಲ. ಅವರ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಕೋಣೆಯಿದೆ, ಬಚ್ಚಲಿದೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಡಾಕ್ಟರ್ ಅಕ್ಕನಿದ್ದಾಳೆ.

ಆರತಿ ಬರೀ ಆರತಿಯಲ್ಲ, ಈ ಹುಡುಗಿ ಇನ್ನು ಮದುವೆಗೆ ಬಂದಳು ಎಂದು ಸಂಬಂಧಿಕರಿಗೆ ಕೊಡುವ ತಿಳಿವಳಿಕೆ ಕೂಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ 21ರಷ್ಟು ಮಂದಿ 18 ತುಂಬುವ ಮುಂಚೆಯೇ ಮದುವೆಯಾದವರು. ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ ಬಾಲ್ಯವಿವಾಹದ ಬಗ್ಗೆ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧುವಾಯಿತು. ಕಾನೂನು ಇದೆ, 1098 ಎಂಬ ಮಕ್ಕಳ ಸಹಾಯವಾಣಿಯ ನಂಬರು ಇದೆ. ಆ ನಂಬರಿಗೆ ಫೋನ್ ಮಾಡುವ ಹುಡುಗಿಯ ಒಳಗೆ ನಡೆಯುವುದನ್ನು ಯಾವ ಕರಪತ್ರವೂ ಹೇಳುವುದಿಲ್ಲ. ಗೆಳತಿಯ ಮದುವೆ ನಿಲ್ಲಿಸಿದವಳು ತಾನೇ ಎಂದು ಆ ಗೆಳತಿಗೆ ಗೊತ್ತಾದರೆ ಏನಾಗುತ್ತದೆ? ಈ ಪ್ರದೇಶದಲ್ಲಿ ದೊಡ್ಡವಳಾಗುವುದೆಂದರೆ ಇನ್ನೂ ಹಲವು ಸಂಗತಿಗಳು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಟಂಟಂ ಗಾಡಿ ಹತ್ತಿ ಹೊಲಕ್ಕೆ ಹೋಗುವುದು. ಕಾಲುವೆಯ ನೀರು ಕಾಣದ ಊರುಗಳಿಂದ ತಾಯಿತಂದೆ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಜೊತೆ ಉಳಿದು ತಮ್ಮನನ್ನು ನೋಡಿಕೊಳ್ಳುವುದು, ಇಲ್ಲವೇ ಅವರೊಂದಿಗೆ ಹೋಗಿ ಕಟ್ಟುವ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೆಳೆಯುವುದು. ಆರನೇ ತರಗತಿಗೆ ಕಸ್ತೂರಬಾ ಬಾಲಿಕಾ ವಿದ್ಯಾಲಯಕ್ಕೋ ಮೊರಾರ್ಜಿ ಶಾಲೆಗೋ ಸೇರಿ ಮೊದಲ ಸಲ ಮನೆ ಬಿಟ್ಟಿರುವುದು. 1982ರಲ್ಲೇ ಕಾನೂನು ಬಂದರೂ ದೇವದಾಸಿ ಪದ್ಧತಿಯ ನೆರಳು ಪೂರ್ತಿ ಸರಿಯದ ಕೇರಿಗಳಲ್ಲಿ ಇನ್ನೊಂದು ಭಯವೂ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಹತ್ತರಿಂದ ಹದಿಮೂರರ ಒಳಗೆ. ಹಾರ್ಮೋನಿನ ಚಿತ್ರ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಕಥೆ ಇದನ್ನು ಮಾಡಬಲ್ಲದು ಎನ್ನುವುದಕ್ಕೆ ಪುರಾವೆ ಹೊರಗಿನಿಂದ ತರಬೇಕಾಗಿದೆ. ಅಮೆರಿಕದ ರೈನಾ ಟೆಲ್ಗೆಮಿಯರ್ ಅವರ ‘ಸ್ಮೈಲ್’ (2010) ಈ ವಯಸ್ಸಿನ ಓದುಗರು ಮುಗಿಬಿದ್ದು ಓದಿದ ಚಿತ್ರಕಾದಂಬರಿ. ಅದರ ವಸ್ತು ಮುಟ್ಟಲ್ಲ, ಹಲ್ಲು. ಆರನೇ ತರಗತಿಯ ಹುಡುಗಿ ಓಡುತ್ತ ಮುಗ್ಗರಿಸಿ ಬಿದ್ದು ಮುಂದಿನ ಎರಡು ಹಲ್ಲುಗಳಿಗೆ ಪೆಟ್ಟು ಮಾಡಿಕೊಳ್ಳುತ್ತಾಳೆ. ಆಮೇಲೆ ವರ್ಷಗಟ್ಟಲೆ ದಂತವೈದ್ಯರು, ತಂತಿ, ಶಸ್ತ್ರಚಿಕಿತ್ಸೆ, ಕಟ್ಟಿಸಿದ ಹಲ್ಲು. ಅದರ ಸುತ್ತ ಬಾಯಿ ತೆರೆದು ನಗಲಾರದವಳ ಸಂಕೋಚ, ಅವಳನ್ನು ಗೇಲಿ ಮಾಡುತ್ತಲೇ ಇರುವ ಗೆಳತಿಯರು. ಕೊನೆಗೊಂದು ದಿನ ಅವಳು ಆ ಗೆಳತಿಯರನ್ನು ಬಿಟ್ಟು ನಡೆಯುತ್ತಾಳೆ. ಹಾಗೆ ಮಾಡು ಎಂದು ಯಾವ ಅಕ್ಕನೂ ಹೇಳಿಕೊಟ್ಟದ್ದಲ್ಲ. ಮೈಗೆ ಆದ ಪೆಟ್ಟೊಂದು ಹುಡುಗಿಯ ಸ್ವಭಾವವನ್ನು ಹೇಗೆ ತಿದ್ದುತ್ತ ಹೋಯಿತು ಎಂಬುದು ಪುಸ್ತಕದ ನಿಜವಾದ ವಿಷಯ. ಸೀಸ್ ಬೆಲ್ ಅವರ ‘ಎಲ್ ಡೀಫೊ’ (2014) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾಲ್ಕನೇ ವಯಸ್ಸಿಗೆ ಕಾಯಿಲೆಯಿಂದ ಕೇಳುವ ಶಕ್ತಿ ಕಳೆದುಕೊಂಡ ಲೇಖಕಿ ತನ್ನ ಬಾಲ್ಯವನ್ನು ಮೊಲಗಳ ಲೋಕವಾಗಿ ಬಿಡಿಸಿದ್ದಾರೆ. ಶ್ರವಣಯಂತ್ರದ ಬ್ಯಾಟರಿ ಇಳಿದಂತೆ ಮಾತಿನ ಗುಳ್ಳೆಯೊಳಗಿನ ಅಕ್ಷರಗಳು ಮಸುಕಾಗುತ್ತ ಹೋಗಿ ಕೊನೆಗೆ ಗುಳ್ಳೆ ಖಾಲಿಯಾಗುತ್ತದೆ. ಓದುವ ಮಗು ಆ ಕ್ಷಣ ತಾನೇ ಕಿವುಡಾಗುತ್ತದೆ. ಗದ್ಯದಲ್ಲಿ ಒಂದು ಪುಟ ಬರೆದರೂ ಆಗದ ಕೆಲಸವನ್ನು ಇಲ್ಲಿ ಒಂದು ಖಾಲಿ ಗುಳ್ಳೆ ಮಾಡುತ್ತದೆ. ಪ್ರಿಯಾ ದೀದಿಯ ಮಾತಿನ ಗುಳ್ಳೆಗಳು ಎಂದೂ ಖಾಲಿಯಾಗುವುದಿಲ್ಲ, ಮಸುಕಾಗುವುದೂ ಇಲ್ಲ. ಅವು ಪಾಠದ ವಾಕ್ಯಗಳಿಗೆ ಹಾಕಿದ ಚೌಕಟ್ಟು. ಚಿತ್ರ ತೆಗೆದು ಬರೀ ಮಾತು ಇಟ್ಟರೂ ಪುಸ್ತಕದ ಅರ್ಥ ಬಹುಪಾಲು ಉಳಿದುಕೊಳ್ಳುತ್ತದೆ. ವಿಮರ್ಶೆಯ ದೃಷ್ಟಿಯಿಂದ ಅದರ ದೊಡ್ಡ ದೋಷ ಇದೇ.

ನಮ್ಮ ಚಿತ್ರಕಥೆಯ ಪರಂಪರೆ ಚಿಕ್ಕದಲ್ಲ. 1965ರಲ್ಲೇ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಂ ಪಾಶ್ಚಾತ್ಯ ಕಥೆಗಳನ್ನು ಕನ್ನಡದ ಚಿತ್ರಕಥೆಗಳಾಗಿ ತಂದರು. ಅಮರ ಚಿತ್ರ ಕಥಾ ಶುರುವಾದದ್ದು ಹಾಗೆ. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ಪುರಾಣ, ಇತಿಹಾಸಗಳ ಮಾಲೆಯಾಗಿ ಬೆಳೆಸಿದರು. ಫ್ಯಾಂಟಮ್ ಕಥೆಗಳ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು, ‘ಬಾಲಮಂಗಳ’ದ ಡಿಂಗನಿಗಾಗಿ ಕಾಯುತ್ತಿದ್ದ ಮಕ್ಕಳ ಪೀಳಿಗೆಯೇ ಇದೆ. ಈ ನಾಯಕರಲ್ಲಿ ಯಾರೂ ದೊಡ್ಡವರಾಗುವುದಿಲ್ಲ. ಫ್ಯಾಂಟಮ್‌ಗೆ ವಯಸ್ಸಿಲ್ಲ, ಡಿಂಗನಿಗೂ ಇಲ್ಲ. ಅಮರ ಚಿತ್ರ ಕಥಾದ ಬಾಲಕೃಷ್ಣ ಬೆಳೆಯುತ್ತಾನೆ, ಆದರೆ ಪವಾಡದಿಂದ ಪವಾಡಕ್ಕೆ. ಬೆಳೆಯುವಾಗಿನ ಅಂಜಿಕೆ ಅವನಿಗಿಲ್ಲ. ಹುಡುಗಿಯರನ್ನೇ ಕೇಂದ್ರದಲ್ಲಿಟ್ಟ ಮೊದಲ ದೊಡ್ಡ ಪ್ರಯತ್ನ 1990ರ ದಶಕದಲ್ಲಿ ಯುನಿಸೆಫ್ ತಂದ ‘ಮೀನಾ’. ರಾಮ್ ಮೋಹನ್ ಅವರ ಕೈಯಲ್ಲಿ ರೂಪ ತಳೆದ ಈ ಹುಡುಗಿ, ಅವಳ ತಮ್ಮ ರಾಜು, ಗಿಳಿ ಮಿಟ್ಟು ದಕ್ಷಿಣ ಏಷ್ಯಾದ ಹಳ್ಳಿಹಳ್ಳಿ ಸುತ್ತಿದರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಹುಡುಗಿಯರ ‘ಮೀನಾ ತಂಡ’ಗಳು ಅವಳ ಹೆಸರಲ್ಲೇ ಹುಟ್ಟಿಕೊಂಡವು. ಶಾಲೆಗೆ ಹೋಗಲಾರದ ಮೀನಾ ಗಿಳಿಯನ್ನು ಕಳಿಸಿ ಲೆಕ್ಕ ಕಲಿಯುವ ಕಥೆ ಈಗಲೂ ಚೆಂದ. ಎಳೆಯ ವಯಸ್ಸಿನ ಮದುವೆಯ ಬಗ್ಗೆಯೂ ಅವಳದೊಂದು ಕಥೆಯಿದೆ. ಆದರೆ ಮೀನಾಗೆ ಯಾವತ್ತೂ ಒಂಬತ್ತೇ ವರ್ಷ. ಪ್ರತಿ ಕಥೆಯ ಕೊನೆಗೆ ದೊಡ್ಡವರು ಮನಸ್ಸು ಬದಲಿಸುತ್ತಾರೆ, ಮುಂದಿನ ಕಥೆಗೆ ಅವಳು ಮತ್ತೆ ಮೊದಲಿನ ಜಾಗದಲ್ಲೇ ನಿಂತಿರುತ್ತಾಳೆ. ಹತ್ತು ಹನ್ನೊಂದಕ್ಕೆ ಕಾಲಿಡುವ ಹುಡುಗಿ ಅವಳನ್ನು ಹಿಂದೆ ಬಿಟ್ಟು ಮುಂದೆ ಬರಬೇಕಾಗುತ್ತದೆ, ಮುಂದೆ ಅವಳಿಗಾಗಿ ಕಾದು ನಿಂತ ಪಾತ್ರವೊಂದಿಲ್ಲ.

ಮೊದಲು ಮಾಹಿತಿ ಬೇಕು, ಕಥೆ ಆಮೇಲಾಯಿತು ಎನ್ನುವವರಿದ್ದಾರೆ. ಸೋಂಕು ತಗಲದಂತೆ ನೋಡಿಕೊಳ್ಳುವುದನ್ನು ಕಥೆ ಕಲಿಸುವುದಿಲ್ಲ, ರಕ್ತಹೀನತೆಗೆ ಕಥೆ ಮದ್ದಲ್ಲ ಎನ್ನುವ ಅವರ ಮಾತನ್ನು ತಳ್ಳಿಹಾಕಲು ಆಗದು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್‌ನಲ್ಲಿ ಮಾಹಿತಿ ಕಾಮಿಕ್ ಇರಲೇಬೇಕು. ಆದರೆ ಮಾಹಿತಿ ನಿಂತುಹೋಗುವ ಜಾಗವೊಂದಿದೆ. ಶಾಲೆಯ ಹುಡುಗಿಯರಿಗೆ ಉಚಿತವಾಗಿ ಪ್ಯಾಡ್ ಕೊಡುವ ರಾಜ್ಯ ಸರ್ಕಾರದ ‘ಶುಚಿ’ ಯೋಜನೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಶುರುವಾಯಿತು. ನಡುವಿನ ಆ ವರ್ಷಗಳಲ್ಲಿ ಎಷ್ಟು ಹೊತ್ತಿಗೊಮ್ಮೆ ಪ್ಯಾಡ್ ಬದಲಿಸಬೇಕು ಎಂಬ ತಿಳಿವಳಿಕೆ ಇದ್ದ ಹುಡುಗಿ, ಪ್ಯಾಡೇ ಇಲ್ಲದ ತಿಂಗಳು ಏನು ಮಾಡಿದಳು? ಹರಿದ ಸೀರೆಯ ಬಟ್ಟೆಯನ್ನು ಎಲ್ಲಿ ಒಗೆದಳು, ಎಲ್ಲಿ ಒಣಹಾಕಿದಳು, ಶಾಲೆಯ ಶೌಚಾಲಯದಲ್ಲಿ ನೀರಿಲ್ಲದ ದಿನ ಮೇಡಂಗೆ ಏನೆಂದು ಹೇಳಿ ಮನೆಗೆ ಹೋದಳು? ಮಾಹಿತಿ ಪುಸ್ತಕ ಹೀಗೆ ಮಾಡು ಎನ್ನುತ್ತದೆ. ಹಾಗೆ ಮಾಡಲು ಆಗದಿದ್ದಾಗ ಓದುವವಳಿಗೆ ಉಳಿಯುವುದು ತಪ್ಪಿತಸ್ಥ ಭಾವ. ಕಥೆಯಲ್ಲಾದರೆ ಇನ್ನೊಬ್ಬಳು ಅದೇ ಪೇಚಿನಲ್ಲಿ ಸಿಕ್ಕಿ, ಏನೋ ಒಂದು ಉಪಾಯ ಹೂಡಿ, ಒಮ್ಮೆ ಸೋತು ಒಮ್ಮೆ ಗೆದ್ದದ್ದನ್ನು ನೋಡಬಹುದು. ಹನ್ನೆರಡರ ಹುಡುಗಿಗೆ ಎರಡೂ ಬೇಕು. ನಾವು ಒಂದನ್ನು ಕೊಟ್ಟು ಕೆಲಸ ಮುಗಿಯಿತೆಂದು ತಿಳಿದಿದ್ದೇವೆ.

ಚಿತ್ರವಿದ್ದರೆ ಮಕ್ಕಳು ಅಕ್ಷರ ಓದುವುದಿಲ್ಲ ಎಂಬುದು ಶಿಕ್ಷಕರಲ್ಲಿ ಬೇರೂರಿದ ಆಕ್ಷೇಪ. ಓದುವ ವೇಗವೇ ಕಡಿಮೆಯಿರುವ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಈ ಆತಂಕ ಸಹಜ. ಆದರೆ ಇದೇ ಪ್ರದೇಶದ ಅಂಕಿ ಇನ್ನೊಂದು ಮಾತನ್ನೂ ಹೇಳುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸು, ಹೆಂಗಸರಲ್ಲಿ ಶೇ 49ನ್ನೂ ಮುಟ್ಟಿರಲಿಲ್ಲ. ಇಂದು ಆರನೇ, ಏಳನೇ ತರಗತಿಯಲ್ಲಿ ಓದುವ ಹುಡುಗಿಯರ ತಾಯಂದಿರಲ್ಲಿ ಅನೇಕರು ಅಕ್ಷರದಿಂದ ದೂರ ಉಳಿದವರು. ಪಟ್ಟಣದಲ್ಲಿ ತಾಯಿ ಮಗಳಿಗೆ ಪುಸ್ತಕ ಓದಿಹೇಳುತ್ತಾಳೆ, ಇಲ್ಲಿ ಮಗಳು ತಾಯಿಗೆ ಓದಿಹೇಳಬೇಕು. ಬರೀ ಅಕ್ಷರದ ಪುಸ್ತಕ ಅವರಿಬ್ಬರ ನಡುವೆ ಗೋಡೆಯಾಗುತ್ತದೆ. ಚಿತ್ರಕಾದಂಬರಿಯಾದರೆ ಒಂದೇ ಪುಟವನ್ನು ಇಬ್ಬರೂ ನೋಡಬಹುದು. ಮಗಳು ಗುಳ್ಳೆಯೊಳಗಿನ ಮಾತು ಓದಿದರೆ, ತಾಯಿ ಮುಖದ ಮೇಲಿನ ಭಾವ ಓದುತ್ತಾಳೆ, ಈಕಿ ಯಾಕ ಅಳಾಕತ್ಯಾಳ ಎಂದು ಕೇಳುತ್ತಾಳೆ. ಬಾಯಿಬಿಟ್ಟು ಆಡಲಾಗದ ಮಾತಿಗೆ ಮೂರನೆಯವಳೊಬ್ಬಳ ನೆಪ ಸಿಗುತ್ತದೆ. ಭಾಷೆಯ ಲೆಕ್ಕವೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳು ಸಿಂಧನೂರಿನ ಸುತ್ತ ಇವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪ್‌ಗಳೂ ಇವೆ. ಲಿಂಗಸುಗೂರು, ಮಸ್ಕಿ ಕಡೆ ಲಂಬಾಣಿ ತಾಂಡಾಗಳಿವೆ. ಮನೆಯಲ್ಲಿ ತೆಲುಗು, ಬಂಗಾಳಿ, ಲಂಬಾಣಿ ಆಡುವ ಮಕ್ಕಳು ಶಾಲೆಯಲ್ಲಿ ಕನ್ನಡಕ್ಕೆ ದಾಟಬೇಕು. ಇವರಿಗೆ ಚಿತ್ರ ಅಕ್ಷರದ ವೈರಿಯಲ್ಲ, ಅಕ್ಷರದ ಕಡೆಗೆ ಕೈಹಿಡಿದು ಕರೆದೊಯ್ಯುವ ದಾರಿ. ಒಂದು ಎಚ್ಚರ ಮಾತ್ರ ಬೇಕು: ಗುಳ್ಳೆಯೊಳಗಿನ ಕನ್ನಡ ಪಠ್ಯಪುಸ್ತಕದ್ದಾಗದೆ ಈ ನೆಲದ್ದಾಗಬೇಕು. ರಾಯಚೂರಿನ ಮಾತನ್ನು ಅಮರೇಶ ನುಗಡೋಣಿಯಂಥ ಕಥೆಗಾರರು ಗಂಭೀರ ಸಾಹಿತ್ಯದೊಳಗೆ ತಂದಾಗಿದೆ. ಮಕ್ಕಳ ಪುಸ್ತಕ ಅದಕ್ಕೆ ಹಿಂಜರಿಯುವ ಕಾರಣವಿಲ್ಲ.

ಇಂಥದ್ದನ್ನೆಲ್ಲ ಮಕ್ಕಳ ಕಣ್ಣಿಗೆ ಬೀಳಿಸಬಾರದು ಎನ್ನುವ ಪಾಲಕರಿಗೆ ಉತ್ತರ ಚಿಕ್ಕದು. ಅಮೆರಿಕದಲ್ಲೂ ಟೆಲ್ಗೆಮಿಯರ್ ಅವರ ‘ಡ್ರಾಮಾ’ (2012) ಗ್ರಂಥಾಲಯಗಳಲ್ಲಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಹಲವು ವರ್ಷ ಇತ್ತು; ಮಕ್ಕಳು ಓದುವುದನ್ನು ನಿಲ್ಲಿಸಲಿಲ್ಲ. ಆರತಿ ಎತ್ತಿ ಓಣಿಗೆಲ್ಲ ಸುದ್ದಿ ಮಾಡುವ ಸಮಾಜ, ಆ ಹುಡುಗಿ ಅದರ ಬಗ್ಗೆ ಓದಬಾರದು ಎಂದು ಹೇಳುವ ಹಕ್ಕನ್ನು ತಾನೇ ಬಿಟ್ಟುಕೊಟ್ಟಿರುತ್ತದೆ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡುವ ಆಕ್ಷೇಪ ಇನ್ನೊಂದಿದೆ. ಬಾಲ್ಯವಿವಾಹ, ಗುಳೆ, ದೇವದಾಸಿ ಎಂದು ಪಟ್ಟಿ ಮಾಡಿ ಕಥೆ ಹೆಣೆದರೆ ರಾಯಚೂರನ್ನು ಮತ್ತೆ ದುಃಖದ ಜಿಲ್ಲೆಯಾಗಿ ಮಾತ್ರ ತೋರಿಸಿದಂತೆ ಆಗುವುದಿಲ್ಲವೇ? ಸಿಂಧನೂರಿನ ಹುಡುಗಿಯೂ ನಗಬೇಕು, ಜಗಳವಾಡಬೇಕು, ಜಾತ್ರೆಯಲ್ಲಿ ಬಳೆ ಇಡಿಸಿಕೊಳ್ಳಬೇಕು, ಗೆಳತಿಯ ಜೊತೆ ಮಾತು ಬಿಟ್ಟು ಮೂರನೇ ದಿನ ಮತ್ತೆ ಮಾತಾಡಬೇಕು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ನನ್ನ ವಾದ ಬಿದ್ದುಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಸಮಸ್ಯೆಯನ್ನು ವಸ್ತುವಾಗಿಸಿದ ಪುಸ್ತಕಗಳಲ್ಲಿ ಮಗು ಬರೀ ಉದಾಹರಣೆಯಾಗುತ್ತದೆ. ಕಥೆಗೆ ಬೇಕಾದದ್ದು ಮೊದಲು ಒಬ್ಬ ಹುಡುಗಿ, ಅವಳ ಹಟ, ಅವಳ ಸುಳ್ಳು, ಅವಳ ಹೊಟ್ಟೆಕಿಚ್ಚು. ಗುಳೆ, ಮದುವೆಗಳು ಅವಳ ಬದುಕಿನಲ್ಲಿ ಬಂದಾಗ ಬರಲಿ. ಕನ್ನಡಕ್ಕೆ ಇದು ಹೊಸತಲ್ಲ. ಸಿದ್ಧಲಿಂಗಯ್ಯನವರ ‘ಊರು ಕೇರಿ’ ಹಸಿವು ಅವಮಾನಗಳ ನಡುವಿನ ಬಾಲ್ಯವನ್ನು ಹೇಗೆ ನಗೆಯೊಂದಿಗೆ ಹೇಳಿತು ಎಂಬುದನ್ನು ಓದಿದವರೆಲ್ಲ ಬಲ್ಲರು. ಕೃಷ್ಣೆಯ ಆಚೆ ದಡದ ಮುದ್ದೇಬಿಹಾಳದ ಕಡೆಯ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವೂ ಬಾಲ್ಯದ ಅವಮಾನಗಳನ್ನು ಬಿಡಿಬಿಡಿ ಪ್ರಸಂಗಗಳಲ್ಲಿ ಕಟ್ಟಿಕೊಟ್ಟಿದೆ. ಬಸು ಬೇವಿನಗಿಡದ ಅವರ ಮಕ್ಕಳ ಕಾದಂಬರಿ ‘ಓಡಿ ಹೋದ ಹುಡುಗ’ಕ್ಕೆ 2021ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಬೆಳೆಯುವ ವಯಸ್ಸನ್ನು ನೆಟ್ಟಗೆ ನೋಡುವ ಗದ್ಯ ನಮ್ಮಲ್ಲಿದೆ. ಅದು ಚಿತ್ರಕ್ಕೆ ಬಂದಿಲ್ಲ.

ಚಿತ್ರದ ದಾರಿಗೆ ಹೊರಗಿನ ನಕಲೂ ಬೇಕಿಲ್ಲ. ಅಂಬೇಡ್ಕರ್ ಅವರ ಬಾಲ್ಯದಿಂದ ಶುರುವಾಗುವ ‘ಭೀಮಾಯಣ’ವನ್ನು (2011) ಮಧ್ಯಪ್ರದೇಶದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬಿಡಿಸಿದಾಗ ಪುಟವನ್ನು ಚೌಕಗಳಾಗಿ ಕತ್ತರಿಸಲು ಒಪ್ಪಲಿಲ್ಲ. ಮೆದು ಮಾತಿಗೆ ಹಕ್ಕಿಯ ಆಕಾರದ ಗುಳ್ಳೆ, ವಿಷದ ಮಾತಿಗೆ ಚೇಳಿನ ಕೊಂಡಿಯ ಗುಳ್ಳೆ. ನೀರು ಸಿಗದ ಹುಡುಗನ ಬಾಯಾರಿಕೆ ಅಲ್ಲಿ ಮೀನಾಗಿ, ಕೆರೆಯಾಗಿ ಪುಟ ತುಂಬುತ್ತದೆ. ತಾಂಡಾದ ಹುಡುಗಿಯ ಕಥೆಗೆ ಅವಳ ಅಜ್ಜಿಯ ಕಸೂತಿಯ ಕನ್ನಡಿ ಚೂರುಗಳು, ಅಂಚುಪಟ್ಟಿಗಳು ಪುಟದ ವಿನ್ಯಾಸವಾಗಬಹುದು. ಮಸ್ಕಿಯ ಬೆಟ್ಟದ ಬಂಡೆಗಳ ನಡುವೆ ಅಶೋಕನ ಶಾಸನವಿದೆ. 1915ರಲ್ಲಿ ಪತ್ತೆಯಾದ ಆ ಶಾಸನದಲ್ಲಿ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಸಿಕ್ಕಿದ್ದರಿಂದ ಇತಿಹಾಸಕ್ಕೆ ದೊಡ್ಡ ಉಪಕಾರವಾಯಿತು. ಅದೇ ಬಂಡೆಗಳ ಹತ್ತಿರ ಆಡು ಕಾಯುತ್ತ, ಹೋಂವರ್ಕ್ ಮಾಡುತ್ತ, ಮೊಬೈಲ್ ನೋಡುತ್ತ ಬೆಳೆಯುವ ಮಕ್ಕಳನ್ನು ಯಾವ ಚಿತ್ರಕಥೆಯೂ ಬಿಡಿಸಿದ್ದಿಲ್ಲ.

ಹುಡುಗರ ಮಾತು ಬಂದರೆ ಕೊರತೆ ಇನ್ನೂ ಹೆಚ್ಚು. ಮೆನ್ಸ್‌ಟ್ರುಪೀಡಿಯಾದವರೇ ಗಂಡುಮಕ್ಕಳಿಗಾಗಿ ‘ಗುಲು’ ಎಂಬ ಕಾಮಿಕ್ ತಂದಿದ್ದಾರೆ, ಮೀಸೆ ಚಿಗುರುವುದನ್ನೂ ದನಿ ಒಡೆಯುವುದನ್ನೂ ಅಲ್ಲಿ ತಿಳಿಯಬಹುದು. ಭತ್ತದ ಗದ್ದೆಯ ಊರಿನಲ್ಲಿ ಹನ್ನೆರಡಕ್ಕೇ ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿದು ಗಂಡಸಾದೆನೆಂದು ತಿಳಿಯುವ ಹುಡುಗ, ಹಟ್ಟಿ ಚಿನ್ನದ ಗಣಿಯಲ್ಲಿ ಅಪ್ಪನ ಪಾಳಿ ಮುಗಿಯುವುದನ್ನು ಕಾಯುವ ಹುಡುಗ, ಅಕ್ಕನ ಮದುವೆಯ ಸಾಲಕ್ಕೆ ತನ್ನ ಶಾಲೆ ನಿಂತದ್ದನ್ನು ಯಾರಿಗೂ ಹೇಳದ ಹುಡುಗ, ಇವರು ಎಲ್ಲಿಯೂ ಇಲ್ಲ. ಅಕ್ಕನಿಗೆ ಆರತಿಯಾಗುವಾಗ ಹೊರಗೆ ಹೋಗು ಎಂದು ಕಳಿಸಲ್ಪಟ್ಟ ತಮ್ಮನಿಗೆ ಒಳಗೆ ಏನಾಯಿತೆಂದು ಗೊತ್ತಾಗುವುದೇ ಇಲ್ಲ. ಅವನೇ ಮುಂದೆ ಅಪ್ಪನಾಗಿ, ತನ್ನ ಮಗಳ ಮದುವೆಯ ವಯಸ್ಸನ್ನು ನಿರ್ಧರಿಸುತ್ತಾನೆ. ಹುಡುಗಿಯರ ಪುಸ್ತಕ, ಹುಡುಗರ ಪುಸ್ತಕ ಎಂದು ಬೇರೆ ಬೇರೆ ಮಾಡಿಟ್ಟದ್ದು ಮಾಹಿತಿಯ ಅನುಕೂಲಕ್ಕೆ. ಕಥೆಗೆ ಆ ಹಂಗಿಲ್ಲ, ಒಂದೇ ಮನೆಯ ಅಕ್ಕ ತಮ್ಮ ಒಂದೇ ಪುಸ್ತಕದಲ್ಲಿ ಇರಬಲ್ಲರು.

ದುಡ್ಡಿನ ಪ್ರಶ್ನೆ ಉಳಿಯಿತು. ನಾನೂರು ಪುಟದ ಬಣ್ಣದ ಚಿತ್ರಕಾದಂಬರಿಯನ್ನು ಕನ್ನಡದ ಪ್ರಕಾಶಕರು ಅಚ್ಚು ಹಾಕಲಾರರು, ಹಾಕಿದರೂ ಮಸ್ಕಿಯಲ್ಲಿ ಕೊಳ್ಳುವವರು ಸಿಗಲಾರರು ಎಂಬುದು ನಿಜ. ಬಣ್ಣವೇ ಬೇಕೆಂದಿಲ್ಲ, ಇರಾನಿನ ಬಾಲ್ಯವನ್ನು ಜಗತ್ತಿಗೆ ಮುಟ್ಟಿಸಿದ ಮರ್ಜಾನ್ ಸತ್ರಾಪಿ ಅವರ ‘ಪರ್ಸೆಪೊಲಿಸ್’ ಬರೀ ಕಪ್ಪು ಬಿಳುಪು. ಇನ್ನು ಕೊಳ್ಳುವವರ ಮಾತು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿವೆ, ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಮಗು ಕೊಳ್ಳಬೇಕಿಲ್ಲ, ಆ ಕಪಾಟಿನೊಳಗೆ ಪುಸ್ತಕ ಬಂದರೆ ಸಾಕು. ಅಲ್ಲಿಗೆ ಹೋಗುವ ಪುಸ್ತಕಗಳನ್ನು ಆರಿಸುವವರು ಸಾಧಕರ ಜೀವನ ಚರಿತ್ರೆ, ನೀತಿಕಥೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಜೊತೆಗೆ ಈ ಬಗೆಯದನ್ನೂ ಕೇಳಬೇಕು. ಕೇಳಿದರೆ ಬರೆಯುವವರೂ ಬಿಡಿಸುವವರೂ ಹುಟ್ಟಿಕೊಳ್ಳುತ್ತಾರೆ. ಮೊದಲ ಕೆಲವು ಅಧ್ಯಾಯಗಳನ್ನು ಪತ್ರಿಕೆಯ ಭಾನುವಾರದ ಪುಟದಲ್ಲಿ ಧಾರಾವಾಹಿಯಾಗಿ ಹಾಕಿ ನೋಡಬಹುದು. ಪುಸ್ತಕವಾಗುವ ಮುಂಚೆ ಆ ಪುಟಗಳನ್ನು ಲಿಂಗಸುಗೂರಿನದೋ ಸಿಂಧನೂರಿನದೋ ವಸತಿ ಶಾಲೆಯ ಏಳನೇ ತರಗತಿಯವರಿಗೆ ಕೊಟ್ಟು, ದೊಡ್ಡವರಾರೂ ಪಕ್ಕದಲ್ಲಿ ನಿಲ್ಲದೆ ಓದಲು ಬಿಡಬೇಕು. ನಮ್ಮ ಕಡೆ ಹಿಂಗ ಆಗೂದಿಲ್ಲ ಎಂದು ಅವರು ಯಾವ ಪುಟಕ್ಕೆ ಹೇಳುತ್ತಾರೋ ಆ ಪುಟವನ್ನು ಅಳಿಸಿ ಮತ್ತೆ ಬಿಡಿಸಬೇಕು.